ಮರದ್ದೇ ಎಂದಿದ್ದೆ

ಅತ್ತೆ, ಓಟ್ಸ್ ಧಾನ್ಯವೇ. ಗೋಧಿಯ ಹಾಗೆ, ಭತ್ತದ ಹಾಗೆ ಹೊಲದಲ್ಲಿ ತೆನೆ ಬಿಡುವ ಧಾನ್ಯ. ಮರದಲ್ಲಿ ಬಿಡುವ ಕಾಯಿ ಅಲ್ಲ. ಅದು ನನಗೆ ಗೊತ್ತಿತ್ತು. ಗೊತ್ತಿದ್ದೂ ಏಕಾದಶಿಯ ದಿನ ನಿಮಗೆ ತಿನ್ನಿಸಿದೆ — ಯಾವತ್ತೋ ಒಂದು ಸಲ ಕೈತಪ್ಪಿ ಅಲ್ಲ, ಏಕಾದಶಿ ಬಂದಾಗಲೆಲ್ಲ, ಬೇಕೆಂದೇ.

ನಿಮ್ಮ ಎದುರು ಕೂತು ಹೇಳಬೇಕಾಗಿದ್ದ ಮಾತು. ಹೇಳಲಿಲ್ಲ. ಈಗ ನಿಮ್ಮ ಮಗ ಇಲ್ಲ, ನೀವೂ ಇಲ್ಲ, ಬರೆಯುತ್ತಿದ್ದೇನೆ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾದವಳು ನಾನು. ಚೆಂದ ಮಾಡಿ ಬರೆಯಲು ಬರುವುದಿಲ್ಲ. ಆದರೆ ಒಂದನ್ನು ಮೊದಲೇ ಹೇಳಿಬಿಡುತ್ತೇನೆ — ಓಟ್ಸ್ ತಿನ್ನಿಸಿದ್ದಕ್ಕೆ ನಾನು ಕ್ಷಮೆ ಕೇಳುವವಳಲ್ಲ. ನಾಳೆ ನೀವು ಎದ್ದು ಬಂದು ಅಡಿಗೆಮನೆಯ ಬಾಗಿಲಲ್ಲಿ ನಿಂತರೂ ಕೇಳುವುದಿಲ್ಲ. ಕೇಳಬೇಕಾದ ತಪ್ಪು ಬೇರೆ ಇದೆ. ಅದನ್ನು ಹೇಳಲು — ಇರಲಿ, ಅಲ್ಲಿಗೆ ಬರುತ್ತೇನೆ.

ಎಲ್ಲವೂ ಎಂದಿನಂತಿದ್ದ ಕೊನೆಯ ದಿನ ಒಂದು ಭಾನುವಾರ. ಏಕಾದಶಿ ಅವತ್ತು ಬಿದ್ದಿತ್ತು. ಸಂಕ್ರಾಂತಿ ಆಗಷ್ಟೇ ಕಳೆದಿತ್ತು. ನಮ್ಮೂರು ನಂಜನಗೂಡಿನಲ್ಲಿ ಇನ್ನೂ ಶಾಲು ಹೊದೆಯುವ ಹೊತ್ತಿಗೆ ನೈರೋಬಿಯಲ್ಲಿ ಸುಡುಬಿಸಿಲು. ನ್ಗಾರಾದ ನಮ್ಮ ಮನೆಯ ಕೆಳಗಿನ ಬಟ್ಟೆ ಅಂಗಡಿಗಳ ಶಟರುಗಳೆಲ್ಲ ಇಳಿದಿದ್ದವು. ಲಿಮೂರು ಕಡೆಯಿಂದ ಪ್ಲಮ್ ಹಣ್ಣು ತರುವ ಹೆಂಗಸು ಬೀದಿಯಲ್ಲಿ ನಿಂತು ಕೂಗಿದಳು. ನಾನು ಕಿಯೊಂಡೊ ಬುಟ್ಟಿಗೆ ಹಗ್ಗ ಕಟ್ಟಿ ಇಳಿಸಿದೆ. ನೀವು ಬಾಲ್ಕನಿಯಿಂದ ಬಗ್ಗಿ, ಸ್ವಾಹಿಲಿ ಒಂದಕ್ಷರ ಬಾರದಿದ್ದರೂ ಅಂಜದೆ, ಕನ್ನಡದಲ್ಲೇ ಹೇಳಿದಿರಿ: “ಮೆತ್ತಗಿರೋದು ಹಾಕ್ಬೇಡಮ್ಮ, ಮೇಲಿಂದಾನೇ ಕಾಣ್ಸುತ್ತೆ ನಂಗೆ.” ಅವಳು “ಸವಾ, ಮಾಮಾ”, ಆಯ್ತಮ್ಮ ಎಂದು ನಕ್ಕು ಒಂದೆರಡು ಹಣ್ಣು ತೆಗೆದು ಬೇರೆ ಹಾಕಿದಳು. ನಿಮ್ಮಿಬ್ಬರಿಗೂ ಅದು ಹೇಗೆ ಅರ್ಥವಾಗುತ್ತಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಹಣ್ಣು ಸೀಳಿ ಬೀಜ ತೆಗೆದೆ. ಬೆಲ್ಲ, ಏಲಕ್ಕಿ ಹಾಕಿ ಒಂದು ಕುದಿ ಬರಿಸಿ ಗಾಜಿನ ತಟ್ಟೆಗೆ ಸುರಿದೆ. ತಣ್ಣನೆಯ ಬೆಣ್ಣೆಯನ್ನು ಓಟ್ಸಿಗೆ ಬೆರಳ ತುದಿಯಲ್ಲಿ ಉಜ್ಜಿ, ಗೋಡಂಬಿ ತರಿ ಸೇರಿಸಿ, ಹಣ್ಣಿನ ಮೇಲೆ ಉದುರಿಸಿದೆ. ಒತ್ತಬಾರದು, ಒತ್ತಿದರೆ ಹಲಗೆಯಾಗುತ್ತದೆ. ಓವನ್ನಿನ ಒಳಗೆ ತಟ್ಟೆಯ ಅಂಚಿನಿಂದ ನೇರಳೆ ಬಣ್ಣದ ರಸ ಗುಳುಗುಳು ಉಕ್ಕಿ ಓಟ್ಸಿನ ಬುಡ ನೆನೆಯಬೇಕು, ಮೇಲ್ಭಾಗ ಮಾತ್ರ ಕೆಂಪಗೆ ಗರಿಗರಿಯಾಗಿ ಉಳಿಯಬೇಕು. ಅಷ್ಟೇ ಅದರ ಹದ. ಇದಕ್ಕೆ ಇಂಗ್ಲಿಷಿನಲ್ಲಿ ಕ್ರಂಬಲ್ ಅನ್ನುತ್ತಾರೆ. ನೀವು ಓವನ್ನಿಗೆ ಗೂಡು ಅನ್ನುತ್ತಿದ್ದಿರಿ, ಇದಕ್ಕೆ ಗೂಡಿನ ಹಣ್ಣು.

ನಿಮ್ಮ ಬಟ್ಟಲು ತುಂಬುವ ಹೊತ್ತಿಗೆ ನಿಮ್ಮ ಮಗ ಚಮಚ ಹಿಡಿದು ಬಂದರು.

“ಅಮ್ಮಾ, ನಿನ್ನ ಉಪವಾಸ ನೋಡಿದ್ರೆ ನಂಗೂ ಉಪವಾಸ ಮಾಡೋ ಆಸೆ ಆಗುತ್ತೆ.”

“ಮಾಡೋ, ಯಾರು ಬೇಡ ಅಂದ್ರು? ಬೆಳಗ್ಗೆ ಎದ್ದು ತಟ್ಟೆ ತುಂಬ ಇಡ್ಲಿ ಹೊಡೆದವನು!”

“ಈ ಓಟ್ಸ್ ಮರ ನಮ್ಮ ಸ್ಕೂಲ್ ಕಾಂಪೌಂಡಲ್ಲೂ ಒಂದು ನೆಡಿಸ್ಬೇಕು. ನೆರಳಿಗೆ ನೆರಳು, ತಿಂಡಿಗೆ ತಿಂಡಿ.”

ನಾನು ಕಣ್ಣಲ್ಲೇ ಸುಟ್ಟೆ. ನಿಮ್ಮ ಮೊಮ್ಮಗಳು ವಾಣಿ ಕೈಯಲ್ಲಿ ಬಾಯಿ ಮುಚ್ಚಿಕೊಂಡು ಬಾಲ್ಕನಿಗೆ ಓಡಿದಳು. ನೀವು ಮಾತ್ರ ಬಟ್ಟಲಿನಿಂದ ತಲೆಯೆತ್ತಿ ನಿಜವಾಗಿಯೇ ಹೇಳಿದಿರಿ: “ನೆಡಿಸು ಪ್ರಾಣೇಶಾ. ಹಣ್ಣಿನ ಮರ ನೆಟ್ಟರೆ ಪುಣ್ಯ.”

ಆಮೇಲೆ ನಾವಿಬ್ಬರೂ ಕೋಣೆಗೆ ಹೋಗಿ ದಿಂಬಿಗೆ ಮುಖ ಒತ್ತಿಕೊಂಡು ನಕ್ಕೆವು. ನಿಮ್ಮನ್ನು ಗೇಲಿ ಮಾಡಿದ್ದಲ್ಲ, ಅತ್ತೆ. ಗೇಲಿಯೇ ಇರಬಹುದು. ಆದರೆ ನಿಮ್ಮ ಕೆನ್ನೆಯಲ್ಲಿ ಬಣ್ಣ ಬಂದಿತ್ತು, ಮಧ್ಯಾಹ್ನ ನೀವು ಮಲಗದೆ ವಾಣಿಗೆ ಎರಡು ಜಡೆ ಹಾಕಿದಿರಿ — ಆ ಖುಷಿಗೂ ನಗು ಬಂದಿತ್ತು.

ಇದು ಶುರುವಾದದ್ದು ಹೇಗೆ ಎಂದು ಹೇಳಬೇಕು. ನಿಮಗೆ ಅರ್ಧ ಗೊತ್ತು.

ಇವರಿಗೆ ಇಲ್ಲಿ ಗಣಿತದ ಮೇಷ್ಟ್ರ ಕೆಲಸ ಸಿಕ್ಕಿ ಮೊದಲ ಸಲ ಆಫ್ರಿಕಾಕ್ಕೆ ಹೊರಟಾಗ ನೀವು ಊರಿನ ಮಠದಲ್ಲಿ ಹರಕೆ ಹೊತ್ತಿರಿ. ಮಗ ಹೋದ ದಾರಿಯಲ್ಲಿ ಕ್ಷೇಮವಾಗಿ ಮನೆಗೆ ಬರಲಿ, ಉಸಿರಿರುವ ತನಕ ಏಕಾದಶಿಗೆ ಧಾನ್ಯ ಮುಟ್ಟುವುದಿಲ್ಲ. ಅಕ್ಕಿ ಇಲ್ಲ, ಗೋಧಿ ಇಲ್ಲ, ರವೆ ಇಲ್ಲ, ಅವಲಕ್ಕಿಯೂ ಇಲ್ಲ. ಹಣ್ಣು, ಹಾಲು, ನೀರು. ಮಾವನವರು ಹೋದ ಮೇಲೆ ನೀವು ನಮ್ಮ ಹತ್ತಿರ ಬಂದಿರಿ, ಹರಕೆಯೂ ನಿಮ್ಮ ಜೊತೆ ವಿಮಾನ ಹತ್ತಿ ಬಂತು. ಅಷ್ಟು ಹೊತ್ತಿಗೆ ನಿಮಗೆ ಹಾಲು ಒಗ್ಗುತ್ತಿರಲಿಲ್ಲ, ಬಾಳೆಹಣ್ಣು ತಿಂದರೆ ಕಫ. ಬಿಪಿ ಮಾತ್ರೆಯನ್ನು ಬರೀ ನೀರಲ್ಲಿ ನುಂಗಿ ದಿನವಿಡೀ ಕೂರುತ್ತಿದ್ದಿರಿ. ಒಂದು ದ್ವಾದಶಿಯ ಬೆಳಗ್ಗೆ ಬಚ್ಚಲಲ್ಲಿ ಬಿದ್ದಿರಿ. ಹಣೆ ಒಡೆದು ರಕ್ತ ನಲ್ಲಿಯ ಬುಡದವರೆಗೆ ಹರಿದಿತ್ತು. ಒರೆಸಿದವಳು ನಾನು.

ಇಲ್ಲಿನ ನಮ್ಮ ಹುಬ್ಬಳ್ಳಿ ಡಾಕ್ಟರು ಹೊಲಿಗೆ ಹಾಕುತ್ತಾ ಬೈದರು: “ಅಮ್ಮಾರ, ಖಾಲಿ ಹೊಟ್ಟೀಲೆ ಹಿಂಗ ಕುಂತ್ರ ಒಂದಿನ ಏಳಂಗಿಲ್ಲ ನೋಡ್ರಿ. ಏನರ ಗಟ್ಟಿ ತಿನ್ರಿ.” “ಹಣ್ಣು ತಿಂತೀನಲ್ಲಪ್ಪ” ಎಂದಿರಿ. “ಹಣ್ಣಿನಾಗ ಏನೈತ್ರೀ? ನೀರು.” ನೀವು ನಕ್ಕಿರಿ. ನಿಮ್ಮ ಆ ನಗು ನನಗೆ ಗೊತ್ತಿತ್ತು. ಗೋಡೆಗೆ ತಲೆ ಕೊಟ್ಟರೆ ಗೋಡೆಯೇ ಸರಿಯಬೇಕು, ನೀವು ಸರಿಯುವವರಲ್ಲ.

ಕ್ರಂಬಲ್ ಕಲಿಸಿದ್ದು ಹಿಲ್ಡಾ ಬಾಯಿ. ನಮ್ಮ ಎದುರು ಮನೆಯ ಮಂಗಳೂರಿನವರು, ಶಾಲೆಯಲ್ಲಿ ಅಡಿಗೆ ಪಾಠ ಮಾಡುವ ಟೀಚರು. “ಮೊಟ್ಟೆ ಇಲ್ಲ ಮಾರಾಯ್ತಿ, ಒಂದು ಹನಿಯೂ ಇಲ್ಲ. ನಿಮ್ಮ ಅತ್ತೆಯೂ ತಿನ್ನಬಹುದು, ಅವರ ದೇವರೂ ತಿನ್ನಬಹುದು” ಎಂದರು. ನಾವು ಅಲ್ಲಿಯವರೆಗೆ ಓವನ್ನಿನಲ್ಲಿ ಬಾಣಲೆ, ಕಾವಲಿ ತುಂಬಿಡುತ್ತಿದ್ದೆವು. ನೀವು, ಹಿಂದೆ ಬಾಡಿಗೆಗಿದ್ದವರು ಅದರೊಳಗೆ ಏನೇನು ಸುಟ್ಟಿದ್ದರೋ ಎಂದು, ಹುಣಿಸೇಹಣ್ಣು ಹಚ್ಚಿ ಹಚ್ಚಿ ಉಜ್ಜಿಸಿದಿರಿ. ಆಮೇಲೆ ಒಳಗೆ ಕರ್ಪೂರ ಹಚ್ಚಿ, ತುಳಸಿ ನೀರು ಚಿಮುಕಿಸಿ, “ಹೂಂ, ಈಗ ಇಡು” ಎಂದು ಅಪ್ಪಣೆ ಕೊಟ್ಟಿರಿ. ಮೊದಲ ಸಲ ಹಣ್ಣು ನೀರು ಬಿಟ್ಟು ಓಟ್ಸ್ ಗಂಜಿಯಾಯಿತು. ಹಿಲ್ಡಾ ಬಾಯಿ ತಟ್ಟೆ ನೋಡಿ, “ಇದು ಎಂತ, ನೆರೆಯಾ?” ಎಂದರು. ಹಣ್ಣನ್ನು ಮೊದಲೇ ಒಂದು ಕುದಿ ಕುದಿಸಬೇಕು ಎಂದು ಆಮೇಲೆ ಹೇಳಿದರು.

ಅವರ ಲೆಕ್ಕದಲ್ಲಿ ಮೇಲ್ಪದರಕ್ಕೆ ಮೈದಾ ಬೇಕು. ನಾನು ಮೈದಾ ಬಿಟ್ಟೆ. ಯಾಕೆಂದರೆ ಮೈದಾ ನಿಮಗೆ ಗೊತ್ತಿತ್ತು. ಓಟ್ಸ್ ನಿಮಗೆ ಗೊತ್ತಿರಲಿಲ್ಲ. — ನೋಡಿ, ಬರೆದಾಗಲೇ ಕಾಣುತ್ತದೆ, ಅದು ಆ ಹೊತ್ತಿಗೆ ಬಾಯಿಗೆ ಬಂದ ಸುಳ್ಳಲ್ಲ. ಮೈದಾ ಬಿಟ್ಟಾಗಲೇ ಸುಳ್ಳು ಹೇಳಲು ತಯಾರಾಗಿದ್ದೆ.

ನೀವು ಮೇಲಿನಿಂದ ಒಂದು ಚೂರು ಎತ್ತಿ ಎರಡು ಬೆರಳಲ್ಲಿ ಹಿಸುಕಿ ನೋಡಿದಿರಿ.

“ಇದೇನೇ ಸುಮಿ, ಅವಲಕ್ಕಿ ಇದ್ದ ಹಾಗಿದೆ?”

“ಅವಲಕ್ಕಿ ಅಲ್ಲ ಅತ್ತೆ. ಸೀಮೆಯವರದು. ಒಂದು ಥರ ಕಾಯಿ, ಒಣಗಿಸಿ ಚಪ್ಪಟೆ ಮಾಡಿರ್ತಾರೆ. ಬಾದಾಮಿ ಇದ್ದ ಹಾಗೆ.”

“ಮರದ್ದಾ?”

“ಮರದ್ದೇ.”

ವಾಣಿ ಡಬ್ಬ ಕೈಯಲ್ಲಿ ಹಿಡಿದು ನಿಂತಿದ್ದಳು. “ಬಟ್ ಅಮ್ಮಾ, ಇಟ್ ಸೇಸ್ ಸೀರಿಯಲ್—” ಎಂದಳು. ನಾನು ನೋಡಿದೆ. ಅಷ್ಟೇ, ಬರೀ ನೋಡಿದೆ. ಅವಳು ಬಾಯಿ ಮುಚ್ಚಿದಳು. “ಅದೇನೇ ಸೀರಿಯಲ್ಲು?” ಎಂದು ನೀವು. “ಮಾಡೋರ ಹೆಸರು ಅತ್ತೆ” ಎಂದು ನಾನು. ಎಂಟು ವರ್ಷದ ಮಗುವಿಗೆ ಅವತ್ತು ನಾನು ಕಲಿಸಿದ್ದು ಏನು — ಅದರ ಲೆಕ್ಕ ಅವಳ ಹತ್ತಿರ ಇದೆ, ಯಾವತ್ತಾದರೂ ಕೇಳಿದರೆ ಉತ್ತರ ಕೊಡುತ್ತೇನೆ.

ನೀವು ಇನ್ನೊಂದು ಪ್ರಶ್ನೆ ಕೇಳಲಿಲ್ಲ. “ನೀನು ಹೇಳಿದ ಮೇಲೆ ಸರಿ” ಎಂದು ದೇವರಿಗೆ ತೋರಿಸಿ, ತುಳಸಿ ಹಾಕಿ ತಿಂದಿರಿ. ಬಟ್ಟಲು ಕೆರೆದು ತಿಂದಿರಿ. ಮಾರನೆಯ ಬೆಳಗ್ಗೆ ಬಚ್ಚಲಿಗೆ ಗೋಡೆ ಹಿಡಿಯದೆ ನಡೆದು ಹೋದಿರಿ. ನಾನು ಹಿಂದೆಯೇ ನಿಂತು ನೋಡುತ್ತಿದ್ದೆ. ಅದಕ್ಕಾಗಿ ನಾನು ಯಾವ ದೇವರ ಎದುರಾದರೂ ನಿಂತು ಮಾತಾಡಲು ತಯಾರಿದ್ದೇನೆ.

ಪ್ಲಮ್ ಹಣ್ಣಿನ ಕಾಲ ಮುಗಿದ ಮೇಲೆ ಮಾವಿನಹಣ್ಣು, ಅದೂ ಇಲ್ಲದಾಗ ಸೇಬು. ಓಟ್ಸ್ ಮಾತ್ರ ಅದೇ. ಬಚ್ಚಲಲ್ಲಿ ಬಿದ್ದ ಆ ಸಲವೇ ಕೊನೆ, ಮತ್ತೆ ನೀವು ಬೀಳಲಿಲ್ಲ.

ಇನ್ನೂ ಒಂದು ಮಾತು ಕೇಳಬೇಕು ನಿಮ್ಮನ್ನು. ದ್ವಾದಶಿಯ ಪಾರಣೆಗೆ ಅಗಸೆ ಸೊಪ್ಪು ಬೇಕೇಬೇಕು ಎನ್ನುತ್ತಿದ್ದಿರಿ. ನ್ಗಾರಾ ಮಾರ್ಕೆಟ್ಟಿನಲ್ಲಿ ಅಗಸೆ ಎಲ್ಲಿ? ಇಲ್ಲಿಯವರು ದಿನಾ ತಿನ್ನುವ ಸುಕುಮಾ ಸೊಪ್ಪನ್ನೇ ನೀವು ತೊಳೆದು ಪಲ್ಯ ಮಾಡಿದಿರಿ. “ಸಿಗದ ಊರಲ್ಲಿ ಸಿಕ್ಕಿದ್ದೇ ಅಗಸೆ, ಅವನಿಗೆ ಗೊತ್ತಾಗುತ್ತೆ ಬಿಡು” ಎಂದಿರಿ. ನಿಮ್ಮ ಸುಕುಮಾವನ್ನು ಅಗಸೆ ಎಂದು ಒಪ್ಪಿಕೊಂಡ ದೇವರು ನನ್ನ ಓಟ್ಸನ್ನು ಬಾದಾಮಿ ಎಂದು ಒಪ್ಪಿಕೊಳ್ಳಲಾರನೇ? ಒಪ್ಪದೆ ಅದಕ್ಕೆ ನಿಮ್ಮ ಮಗನನ್ನೇ ತೆಗೆದುಕೊಳ್ಳುವಷ್ಟು ಸಣ್ಣವನೇ? ಹಾಗಿದ್ದರೆ ಅವನ ಜೊತೆ ನನಗೆ ಮಾತಿಲ್ಲ. ಹಾಗಿಲ್ಲ ಎಂದು ನಾನು ನಂಬಿದ್ದೇನೆ. ಇವತ್ತಿಗೂ.

ಸೋಮವಾರ ಬೆಳಗ್ಗೆ ಪಾರಣೆ ಆಯಿತು. ನಿಮ್ಮ ಸುಕುಮಾ ಪಲ್ಯದಲ್ಲಿ ಇವರೂ ಎರಡು ಚಪಾತಿ ತಿಂದರು. ಫ್ರಿಜ್ಜಿನ ಬಾಗಿಲು ತೆಗೆದು ನೋಡಿ, “ಆ ಮೂಲೇಲಿರೋದನ್ನ ವಾಣಿಗೆ ಕೊಟ್ಟು ಖಾಲಿ ಮಾಡ್ಬೇಡ, ಸಂಜೆಗೆ ನಂಗಿರ್ಲಿ” ಎಂದರು. ಕ್ರಂಬಲ್ ತಟ್ಟೆಯ ಮೂಲೆಯಲ್ಲಿ ರಸ ಇಂಗಿ ಬೆಲ್ಲ ಗಟ್ಟಿಯಾಗಿ ಅಂಟಿಕೊಂಡದ್ದು ಅವರಿಗೆ ಇಷ್ಟ. “ಅಮ್ಮಾ, ಬರ್ತೀನಿ.” “ಹೋಗ್ಬಾರೋ.” ಮೆಟ್ಟಿಲಿಳಿದು ಹೋದರು. ಥೀಕಾ ರಸ್ತೆಯಲ್ಲಿ ಅವರು ಕೂತಿದ್ದ ಮಟಾಟು ವ್ಯಾನಿಗೆ ಎದುರಿನಿಂದ ಲಾರಿ ಬಂತು. ಹತ್ತು ಗಂಟೆಯ ಹೊತ್ತಿಗೆ ಶಾಲೆಯಿಂದ ಇಬ್ಬರು ಮೇಷ್ಟ್ರುಗಳು ಬಂದು ಬಾಗಿಲಲ್ಲಿ ನಿಂತರು. ನೀವು ಅವರಿಗೆ ಕಾಫಿ ಮಾಡಲು ಹೇಳಿದಿರಿ ನನಗೆ. ಅವರು ಕೂರಲಿಲ್ಲ.

ಆ ಮೂಲೆಯ ತುಂಡು ಫ್ರಿಜ್ಜಿನಲ್ಲೇ ಇತ್ತು. ಮೂರನೆಯ ದಿನ, ನಡುಮನೆಯ ತುಂಬ ಜನ ಚಾಪೆಯ ಮೇಲೆ ಕೂತಿರುವಾಗ, ನಾನು ಅಡಿಗೆಮನೆಯಲ್ಲಿ ನಿಂತುಕೊಂಡೇ ಅದನ್ನು ತಿಂದೆ. ಓಟ್ಸ್ ರಸ ಕುಡಿದು ಮೆತ್ತಗಾಗಿತ್ತು. ಅದನ್ನು ಎಸೆದುಬಿಡು ಎಂದು ಯಾರಾದರೂ ಹೇಳುತ್ತಾರೋ ಎಂದು ಭಯ. ಸೂತಕದ ಮನೆಯಲ್ಲಿ ಸಿಹಿ ತಿಂದವಳು ಎಂದು ಅಂದುಕೊಳ್ಳುವವರು ಅಂದುಕೊಳ್ಳಲಿ.

ವೈಕುಂಠ ಸಮಾರಾಧನೆ ಮುಗಿಯಿತು. ಆಮೇಲೆ ಹುಡುಕಲು ಶುರು ಮಾಡಿದಿರಿ.

ಹಾಗೇ ಅನ್ನಬೇಕು, ಹುಡುಕಲು. ಬೇರೆ ತಾಯಂದಿರು ದೇವರನ್ನು ಬೈಯುತ್ತಾರೆ, ಡ್ರೈವರನ್ನು ಬೈಯುತ್ತಾರೆ. ನೀವು ನಿಮ್ಮ ಹರಕೆಯನ್ನು ಬಿಚ್ಚಿ ಮೊರದಲ್ಲಿ ಅಕ್ಕಿ ಹಾಕಿ ಕಲ್ಲು ಆರಿಸಿದ ಹಾಗೆ ಆರಿಸಿದಿರಿ. ಎಲ್ಲಿ ತಪ್ಪಿತು? ಹಲ್ಲುಪುಡಿಯಲ್ಲಿ ಏನಾದರೂ? ಮಜ್ಜಿಗೆಗೆ ಹಾಕಿದ ಇಂಗಿನಲ್ಲಿ ಗೋಧಿ ಹಿಟ್ಟು ಬೆರೆಸಿರುತ್ತಾರಂತೆ, ಅದಾ? ಇಂಗು ಬಿಟ್ಟಿರಿ. ವಿಮಾನದಲ್ಲಿ ಬಂದ ದಿನ ತಿಥಿ ಯಾವುದಿತ್ತು? ಹಾಸಿಗೆಯ ಮೇಲೆ ಕೂತು ಬೆರಳು ಮಡಿಸುತ್ತಿದ್ದಿರಿ. ನಾನು ಬಾಗಿಲಲ್ಲಿ ನಿಂತು ನೋಡಿ ಅಡಿಗೆಮನೆಗೆ ಹೋಗುತ್ತಿದ್ದೆ.

ಒಂದು ಮಧ್ಯಾಹ್ನ ಸುಕುಮಾ ಸೊಪ್ಪು ಬಿಡಿಸುತ್ತಾ ಕೂತಿದ್ದೆ. ನೀವು ಬಂದು ಎದುರಿಗೆ ಕೂತಿರಿ. ನೀವೂ ಒಂದು ಕಂತೆ ಎತ್ತಿಕೊಂಡಿರಿ. ನಾಲ್ಕು ಎಲೆ ಬಿಡಿಸಿ ಪಕ್ಕಕ್ಕಿಟ್ಟಿರಿ. ಆಮೇಲೆ ಕೇಳಿದಿರಿ.

“ಸುಮಿ, ನೀನೇ ಹೇಳೇ. ನಂಗೆ ಗೊತ್ತಿಲ್ದೆ ನನ್ನ ಬಾಯಿಗೆ ಏನಾದ್ರೂ ಬಿದ್ದಿತ್ತಾ?”

“ಇಲ್ಲ ಅತ್ತೆ.”

ತಲೆ ಎತ್ತಲಿಲ್ಲ ನಾನು. ಕೈ ನಿಲ್ಲಿಸಲಿಲ್ಲ. ಒಂದು ಎಲೆ ತೆಗೆದು ಇನ್ನೊಂದು ಎಲೆ.

ಇದು ನನ್ನ ತಪ್ಪು, ಅತ್ತೆ. ಮರದ್ದೇ ಎಂದದ್ದಲ್ಲ. ಇಲ್ಲ ಎಂದದ್ದು.

ಹೇಳಿದ್ದರೆ ಏನಾಗುತ್ತಿತ್ತು? ನನ್ನ ಮಗನನ್ನು ಕೊಂದೆ ಎನ್ನುತ್ತಿದ್ದಿರಿ. ನನ್ನ ಕೈಯ ನೀರೂ ಮುಟ್ಟುತ್ತಿರಲಿಲ್ಲ. ಪೆಟ್ಟಿಗೆ ಕಟ್ಟಿಕೊಂಡು ಊರಿಗೆ ಹೋಗುತ್ತಿದ್ದಿರಿ, ಈ ಮನೆಯಲ್ಲಿ ನಾನು, ವಾಣಿ ಇಬ್ಬರೇ ಉಳಿಯುತ್ತಿದ್ದೆವು. ನನಗೆ ನೀವು ಬೇಕಿತ್ತು. ಇವರ ಹೆಸರನ್ನು ನನ್ನಷ್ಟೇ ಸಲ ಹೇಳುವ ಇನ್ನೊಬ್ಬರು ಬೇಕಿತ್ತು. — ಇದು ಕಾರಣ. ಕಾರಣ ಇದ್ದ ಮಾತ್ರಕ್ಕೆ ಸರಿಯಾಗುವುದಿಲ್ಲ. ನಿಮ್ಮ ಪ್ರಶ್ನೆ ನಿಮ್ಮದಾಗಿತ್ತು, ಉತ್ತರವೂ ನಿಮಗೆ ಸೇರಬೇಕಾದದ್ದು. ಅದನ್ನು ನಾನು ಇಟ್ಟುಕೊಂಡೆ.

ಉತ್ತರ ಸಿಗದವರು ಒಂದು ಉತ್ತರ ಮಾಡಿಕೊಳ್ಳುತ್ತಾರೆ. ಮಾತಾಡಿಸಲು ಬಂದಿದ್ದ ಔಷಧಿ ಅಂಗಡಿಯವರ ಹೆಂಡತಿ ಏನೋ ಮಾತಿಗೆ, ಮಾತ್ರೆ ಗಟ್ಟಿಯಾಗಿ ನಿಲ್ಲಲು ಅದಕ್ಕೆ ಒಂದು ಥರ ಹಿಟ್ಟು ಹಾಕಿರುತ್ತಾರೆ ಎಂದಳು. ನೀವು ಕೈಯಲ್ಲಿದ್ದ ಲೋಟ ಕೆಳಗಿಟ್ಟಿರಿ. “ಹಿಟ್ಟಾ?” ಎಂದಿರಿ. ಅವಳು ಹೋದ ಮೇಲೆ ನನ್ನ ಕಡೆ ತಿರುಗಿ, ಎಷ್ಟೋ ದಿನದ ಮೇಲೆ ನಿಮ್ಮ ಮುಖದಲ್ಲಿ ಒಂದು ಸಮಾಧಾನ — “ಸಿಕ್ತು ಕಣೇ” ಎಂದಿರಿ. “ಏಕಾದಶಿ ದಿನಾನೂ ಬಿಪಿ ಮಾತ್ರೆ ನುಂಗ್ತಿದ್ನಲ್ಲ. ಅದೇ. ನನ್ನ ಕೈಯಾರೆ ನಾನೇ ಮುರಿದೆ.”

ಅವತ್ತಿನಿಂದ ಮಾತ್ರೆ ಮುಟ್ಟಲಿಲ್ಲ. ಏಕಾದಶಿಗೆ ಮಾತ್ರ ಅಲ್ಲ, ಯಾವತ್ತೂ. “ಮಗನನ್ನ ತಿಂದ ಮಾತ್ರೆ ನಂಗೆ ಬೇಡ.” ಡಾಕ್ಟರು ಬಂದು ಕೈಮುಗಿದರು. ವಾಣಿ ಅತ್ತಳು. ನಾನು ಗೋಗರೆದೆ. ಎಲ್ಲ ಮಾಡಿದೆ, ಒಂದನ್ನು ಬಿಟ್ಟು. ಮಾತ್ರೆ ಅಲ್ಲ ಅತ್ತೆ, ನಾನು — ಈ ಒಂದು ಮಾತು ಹೇಳಿದ್ದರೆ ನೀವು ನನ್ನನ್ನು ಬಿಡುತ್ತಿದ್ದಿರಿ, ಮಾತ್ರೆಯನ್ನು ಹಿಡಿಯುತ್ತಿದ್ದಿರಿ. ಗೊತ್ತಿತ್ತು ನನಗೆ. ಮಾತ್ರೆ ಪುಡಿ ಮಾಡಿ ಊಟದಲ್ಲಿ ಬೆರೆಸಲೇ ಎಂದೂ ಯೋಚಿಸಿದೆ. ಮೊದಲಾಗಿದ್ದರೆ ಮಾಡುತ್ತಿದ್ದೆ. ಈಗ ಸುಳ್ಳು ಹೇಳುವ ಧೈರ್ಯ ಹೋಗಿತ್ತು, ನಿಜ ಹೇಳುವ ಧೈರ್ಯ ಬಂದಿರಲಿಲ್ಲ. ನಡುವೆ ಎಲ್ಲೋ ನಿಂತು ದಿನ ಕಳೆದೆ.

ಹಿಲ್ಡಾ ಬಾಯಿಗೆ ಎಲ್ಲ ಹೇಳಿಕೊಂಡೆ. “ನಮ್ಮದರಲ್ಲಿ ಪಾದ್ರಿಗಳ ಹತ್ತಿರ ಹೇಳಿ ಬಿಡ್ತೇವೆ, ಮನಸ್ಸು ಹಗುರ ಆಗ್ತದೆ. ನಿಮ್ಮದರಲ್ಲಿ ಅಂಥದ್ದು ಇಲ್ಲವಾ?” ಎಂದು ಕೇಳಿದರು. ಇಲ್ಲ ಎಂದೆ. “ಹಾಗಾದರೆ ಅವರಿಗೇ ಹೇಳು ಮಾರಾಯ್ತಿ. ಬೈತಾರೆ. ಬೈಯಲಿ. ಬೈಯ್ಲಿಕ್ಕಾದರೂ ಬದುಕಿರ್ತಾರಲ್ಲ.” ನಾಳೆ ಹೇಳುತ್ತೇನೆ ಎಂದೆ. ಆ ಮಾತನ್ನು ನಂಬಿಯೇ ಹೇಳಿದ್ದೆ.

ದೊಡ್ಡ ಮಳೆ ಶುರುವಾದ ವಾರ ನಿಮಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ಮಾತು, ಮೂರೂ ಹೋದವು. ಕಣ್ಣು ಮಾತ್ರ ಮೊದಲಿನ ಹಾಗೇ ಇತ್ತು, ಎಲ್ಲವನ್ನೂ ನೋಡುತ್ತಿತ್ತು. ಆಗ ಹೇಳಬಹುದಿತ್ತು. ಬೈಯಲು ಬಾಯಿಲ್ಲದವರಿಗೆ ಹೇಳುವುದು — ಅಷ್ಟು ಹೇಡಿ ಆಗಲು ನನಗೆ ಆಗಲಿಲ್ಲ. ಬ್ರಶ್ಶು ಮಾಡಿಸಿದೆ, ತಲೆ ಬಾಚಿದೆ, ಬಟ್ಟೆ ಬದಲಿಸಿದೆ, ಚಮಚದಲ್ಲಿ ಉಣಿಸಿದೆ. ಇದನ್ನು ಪ್ರಾಯಶ್ಚಿತ್ತ ಎಂದು ಬರೆಯುತ್ತಿಲ್ಲ. ಯಾವ ಸೊಸೆಯಾದರೂ ಮಾಡುತ್ತಿದ್ದಳು.

ಏಕಾದಶಿ ಬಂದರೆ ವಾಣಿ ಕ್ಯಾಲೆಂಡರ್ ನೋಡಿ ನಿಮ್ಮ ಕಿವಿಯಲ್ಲಿ ಹೇಳುತ್ತಿದ್ದಳು. “ಅಜ್ಜಿ, ಟುಡೇ ಈಸ್ ಏಕಾದಶಿ.” ಅವತ್ತು ನೀವು ಗಂಜಿಗೆ ಬಾಯಿ ತೆರೆಯುತ್ತಿರಲಿಲ್ಲ. ಮತ್ತೆ ಬೇಸಿಗೆ ಬಂತು, ಲಿಮೂರಿನ ಹೆಂಗಸು ಬಂದಳು. ನಾನು ಪ್ಲಮ್ ಹಣ್ಣು ಬೆಲ್ಲ ಹಾಕಿ ಬೇಯಿಸಿ, ಬರೀ ಹಣ್ಣನ್ನು ಹಿಸುಕಿ ನಿಮ್ಮ ಬಾಯಿಯ ಹತ್ತಿರ ತಂದೆ. ನೀವು ಬಟ್ಟಲನ್ನು ನೋಡಿದಿರಿ. ನನ್ನನ್ನು ನೋಡಿದಿರಿ. ಆಮೇಲೆ ಎಡಗೈಯನ್ನು ಕಷ್ಟಪಟ್ಟು ಎತ್ತಿ, ಐದು ಬೆರಳು ಒಟ್ಟು ಮಾಡಿ, ಬಟ್ಟಲಿನ ಮೇಲೆ ಉದುರಿಸುವ ಹಾಗೆ ಆಡಿಸಿದಿರಿ.

ಮೇಲಿನದು ಎಲ್ಲಿ ಎಂದು ಕೇಳಿದಿರಿ. ಮರದ್ದು.

ಡಬ್ಬ ಶೆಲ್ಫಿನಲ್ಲೇ ಇತ್ತು. ನನ್ನ ಕೈ ಹೋಗಲಿಲ್ಲ. ಇಷ್ಟು ಹೊತ್ತು ದೇವರು, ಓಟ್ಸು, ಲಾರಿ ಎಂದೆಲ್ಲ ಜೋರಾಗಿ ಬರೆದೆನಲ್ಲ — ಅವತ್ತು ನನಗೂ ಒಳಗೆ ಎಲ್ಲೋ ಭಯವಿತ್ತೇ? ಇಲ್ಲ. ಇತ್ತು. ಸ್ವಲ್ಪ ಇತ್ತು. ಅದನ್ನೂ ಬರೆದಿದ್ದೇನೆ. ಆದರೆ ಭಯಕ್ಕಿಂತ ಹೆಚ್ಚಾಗಿ, ನೀವು ಬಾಯಿಬಿಟ್ಟು ಕೇಳಲಾರದೆ, ಕಣ್ಣಲ್ಲೇ ನಂಬಿ ಕೂತಿರುವಾಗ ಇನ್ನೊಂದು ಸಲ ಅದನ್ನು ಮರದ್ದು ಮಾಡಲು ನನ್ನಿಂದ ಆಗಲಿಲ್ಲ.

“ಮುಗಿದುಹೋಗಿದೆ ಅತ್ತೆ, ಅಂಗಡೀಲಿ ಸಿಗ್ತಿಲ್ಲ” ಎಂದೆ. ನೀವು ಕೈ ಇಳಿಸಿ ಬಾಯಿ ತೆರೆದಿರಿ. ಆ ಬೇಸಿಗೆ ಮುಗಿಯುವ ಮೊದಲೇ ಹೋದಿರಿ.

ಅದೆಲ್ಲ ಆಗಿ ವರ್ಷಗಳಾದವು. ಈಗ ನಾವು ನೈರೋಬಿಯಲ್ಲೇ ಕಿಲಿಮಾನಿಯ ಒಂದು ಫ್ಲ್ಯಾಟಿನಲ್ಲಿದ್ದೇವೆ. ನಾನು ಒಂದು ನರ್ಸರಿ ಶಾಲೆಯ ಆಫೀಸಿನಲ್ಲಿ ಕೆಲಸ ಮಾಡುತ್ತೇನೆ. ವಾಣಿ ಕಾಲೇಜಿನಲ್ಲಿದ್ದಾಳೆ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ಕ್ರಂಬಲ್ ಅವಳ ಕೈಯಲ್ಲೂ ಚೆನ್ನಾಗಿ ಬರುತ್ತದೆ. ಮೈದಾ ಹಾಕುತ್ತಾಳೆ. ಊರಿನವರು ಯಾರಾದರೂ ಏಕಾದಶಿಯ ದಿನ ಮನೆಗೆ ಬಂದರೆ ನಾನೇ ಮೊದಲು ಹೇಳುತ್ತೇನೆ, ಇದರಲ್ಲಿ ಧಾನ್ಯ ಇದೆ, ನೋಡಿಕೊಂಡು ತಿನ್ನಿ ಎಂದು. ಕೆಲವರು ಬಿಡುತ್ತಾರೆ, ಕೆಲವರು ತಿನ್ನುತ್ತಾರೆ. ನಾನು ತಿನ್ನುತ್ತೇನೆ. ಉಪವಾಸ ಮಾಡುವುದಿಲ್ಲ, ಮುಂದೆ ಮಾಡುವವಳೂ ಅಲ್ಲ. ಹೊಟ್ಟೆಗೆ ಹಾಕಿದ ಓಟ್ಸಿಗೂ ಥೀಕಾ ರಸ್ತೆಯ ಲಾರಿಗೂ ಸಂಬಂಧವಿಲ್ಲ ಎಂದು ಯಾರ ಎದುರಾದರೂ ಹೇಳುತ್ತೇನೆ. ನಿಮ್ಮ ಮಾತ್ರೆಗೂ ನನ್ನ ಬಾಯಿಗೂ ಇದ್ದ ಸಂಬಂಧ ಮಾತ್ರ ಅಲ್ಲಗಳೆಯಲಾರೆ.

ಹೋದ ತಿಂಗಳು ವಾಣಿಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ಸೀರಿಯಲ್ ಡಬ್ಬ ನೆನಪಿತ್ತು, ನಾನು ನೋಡಿದ ನೋಟವೂ ನೆನಪಿತ್ತು. ಸಮಾಧಾನ ಹೇಳುತ್ತಾಳೆ ಎಂದುಕೊಂಡಿದ್ದೆ. ಹೇಳಲಿಲ್ಲ. “ಯು ಶುಡ್ ಹ್ಯಾವ್ ಟೋಲ್ಡ್ ಹರ್, ಅಮ್ಮಾ” ಎಂದಳು. ಹೌದು ಎಂದೆ.

ಇವತ್ತು ಏಕಾದಶಿ. ಬೆಳಗ್ಗೆ ಸಿಟಿ ಪಾರ್ಕ್ ಮಾರ್ಕೆಟ್ಟಿನಿಂದ ಹಣ್ಣು ತಂದೆ, ಮೆತ್ತಗಿಲ್ಲದ್ದೇ ಆರಿಸಿದೆ. ದೊಡ್ಡ ತಟ್ಟೆ ಓವನ್ನಿನಲ್ಲಿದೆ, ಅಂಚಿನಲ್ಲಿ ರಸ ಉಕ್ಕುತ್ತಿದೆ. ಅದಕ್ಕೆ ಓಟ್ಸ್ ಹಾಕುವ ಮೊದಲೇ ನಿಮಗೆಂದು ಒಂದು ಬಟ್ಟಲು ಬೇರೆ ತೆಗೆದೆ. ಅದು ನಿಮ್ಮ ಫೋಟೋದ ಮುಂದೆ ಇದೆ. ಹಣ್ಣು ಇದೆ, ಬೆಲ್ಲ ಇದೆ, ಏಲಕ್ಕಿ ಇದೆ, ತುಳಸಿ ಇದೆ.

ಮೇಲೆ ಉದುರಿಸಿದ್ದು ಇಲ್ಲ.